ಟವರ್ ಕೆಲ್ಸ ಮಾಡಿದವ್ರಿಗೆ ಕ್ಲೌಡ್ ಟೆಲಿಕಾಂ ಕಲಿಲಿಕ್ಕೆ ಒಂದು ದಾರಿ: ಮನೆ ಲ್ಯಾಪ್‌ಟಾಪಲ್ಲೇ 5ಜಿ ಕೋರ್ ಎಬ್ಸುದು

ನಮ್ಮ ಸೈಡಲ್ಲಿ, ಅಂದ್ರೆ ಮಂಗಳೂರು ಉಡುಪಿ ಪುತ್ತೂರು ಕುಂದಾಪುರದಲ್ಲಿ, ಬಿಟಿಎಸ್ (ಟವರಿನ ರೇಡಿಯೋ ಉಪಕರಣ) ಇನ್‌ಸ್ಟಾಲೇಶನ್, ಮೈಕ್ರೋವೇವ್ ಅಲೈನ್‌ಮೆಂಟ್, ಫೈಬರ್ ಸ್ಪ್ಲೈಸಿಂಗ್ ಅಂತ ವರ್ಷಗಟ್ಟಲೆ ತಿರುಗಿದವ್ರು ಸುಮಾರು ಜನ ಇದ್ದಾರೆ, ಈಗ ಅವ್ರಿಗೆಲ್ಲ ಒಂದೇ ತಲೆಬಿಸಿ, ಜಾಬ್ ಪೋಸ್ಟಿಂಗ್ ತೆಗ್ದು ನೋಡಿದ್ರೆ ಕುಬರ್ನೆಟೀಸ್ (ಸರ್ವರುಗಳ ಮೇಲೆ ಕಂಟೇನರ್ ಸಾಫ್ಟ್‌ವೇರ್ ಓಡಿಸಿ ನೋಡಿಕೊಳ್ಳುವ ವ್ಯವಸ್ಥೆ) ಬೇಕು, ಲಿನಕ್ಸ್ ಬೇಕು, ಸಿಎನ್‌ಎಫ್ (ಅಂಥದ್ರಲ್ಲಿ ಓಡುವ ನೆಟ್‌ವರ್ಕ್ ಸಾಫ್ಟ್‌ವೇರ್) ಗೊತ್ತಿರ್ಬೇಕು ಅಂತ ಇರ್ತದೆ, ಎಂಥ ಮಾರಾಯ್ರೆ ಇದು ಟೆಲಿಕಾಂ ಕೆಲ್ಸವಾ ಐಟಿ ಕೆಲ್ಸವಾ ಅಂತ. ಸುರತ್ಕಲ್, ಮಣಿಪಾಲ, ನಿಟ್ಟೆಯಲ್ಲಿ ಇಸಿ ಓದುವ ಮಕ್ಕಳಿಗೆ ಉಲ್ಟಾ ತಲೆಬಿಸಿ: ಪೈಥಾನ್, ಡಾಕರ್ ಎಲ್ಲ ಬರ್ತದೆ, ಆದ್ರೆ ಒಂದು ಫೋನ್ ನೆಟ್‌ವರ್ಕಿಗೆ ಸೇರುವಾಗ ಒಳಗೆ ಎಂಥ ನಡೀತದೆ ಅಂತ ಕೇಳಿದ್ರೆ ಗೊತ್ತಿಲ್ಲ. ಇಬ್ಬರಿಗೂ ಮದ್ದು ಒಂದೇ. ಒಂದು ಕೋರ್ ನೆಟ್‌ವರ್ಕ್, ಅಂದ್ರೆ ಟವರಿನ ಹಿಂದೆ ಕೂತು ಫೋನನ್ನು ಗುರುತಿಸಿ ಇಂಟರ್ನೆಟ್ಟಿಗೆ ಸೇರಿಸುವ ಭಾಗ, ನಾವೇ ಎಬ್ಸುದು, ಆಮೇಲೆ ನಾವೇ ಅದನ್ನು ಹಾಳು ಮಾಡಿ ನೋಡುದು. ದುಡ್ಡು ಖರ್ಚಿಲ್ಲ, ಲ್ಯಾಪ್‌ಟಾಪ್ ಒಂದು ಇದ್ರೆ ಸಾಕು.

ಶುರು ಮಾಡುವ ಮೊದ್ಲು ಇಂಡಸ್ಟ್ರಿಯಲ್ಲಿ ಆದದ್ದು ಎಂಥ ಅಂತ ಚೂರು ಹೇಳ್ತೇನೆ, ಇಲ್ಲದಿದ್ರೆ ಮಾಡುದು ಯಾಕೆ ಅಂತ ಅರ್ಥ ಆಗುದಿಲ್ಲ.

ಮೊದ್ಲು ಎಕ್ಸ್‌ಚೇಂಜಲ್ಲಿ ಒಂದೊಂದು ಕೆಲ್ಸಕ್ಕೆ ಒಂದೊಂದು ಬಾಕ್ಸ್ ಇರ್ತಿತ್ತು. ಎಚ್‌ಎಲ್‌ಆರ್‌ಗೆ (ಗಿರಾಕಿಗಳ ದಾಖಲೆ) ಬೇರೆ ರ್ಯಾಕ್, ಎಂಎಸ್‌ಸಿಗೆ (ಕಾಲ್ ಜೋಡಿಸುವ ಸ್ವಿಚ್) ಬೇರೆ, ಗೇಟ್‌ವೇಗೆ ಬೇರೆ, ಎಲ್ಲ ಒಂದೇ ವೆಂಡರಿಂದು, ಕಾರ್ಡ್ ಹೋದ್ರೆ ಅವ್ರದ್ದೇ ಕಾರ್ಡ್, ಸಾಫ್ಟ್‌ವೇರ್ ಅಪ್‌ಗ್ರೇಡ್ ಅಂದ್ರೆ ಅವ್ರದ್ದೇ ಎಂಜಿನಿಯರ್, ರೇಟ್ ಸಹ ಅವ್ರು ಹೇಳಿದ್ದೇ. 2012ರ ಅಕ್ಟೋಬರಲ್ಲಿ ಎಟಿ ಆಂಡ್ ಟಿ, ಬಿಟಿ, ಡಾಯ್ಚ ಟೆಲಿಕಾಂ, ಚೈನಾ ಮೊಬೈಲ್ ಇಂಥ ದೊಡ್ಡ ದೊಡ್ಡ ಆಪರೇಟರುಗಳೆಲ್ಲ ಸೇರಿ ಜರ್ಮನಿಯ ಡಾರ್ಮ್‌ಸ್ಟಾಟಲ್ಲಿ ಒಂದು ವೈಟ್ ಪೇಪರ್ ಬಿಟ್ರು, ನಮಗೆ ಈ ಬಾಕ್ಸ್ ಸಹವಾಸ ಸಾಕು, ಸಾಫ್ಟ್‌ವೇರ್ ಮಾತ್ರ ಕೊಡಿ, ಮಾಮೂಲಿ ಸರ್ವರಿನ ಮೇಲೆ ಓಡಿಸ್ತೇವೆ ಅಂತ. ಅದೇ ಎನ್‌ಎಫ್‌ವಿ, ನೆಟ್‌ವರ್ಕ್ ಫಂಕ್ಷನ್ಸ್ ವರ್ಚುವಲೈಸೇಶನ್. ಆಮೇಲೆ 5ಜಿ ಬಂತು, ಮೊಬೈಲ್ ಸ್ಟ್ಯಾಂಡರ್ಡ್ ಬರೆಯುವ 3ಜಿಪಿಪಿಯ ರಿಲೀಸ್ 15ರಲ್ಲಿ ಕೋರನ್ನು ಕೆತ್ತಿದ್ದೇ ಸಾಫ್ಟ್‌ವೇರಿನ ಲೆಕ್ಕದಲ್ಲಿ, ಕೋರಿನ ಕಂಟ್ರೋಲ್ ಭಾಗಗಳೆಲ್ಲ ಒಂದಕ್ಕೊಂದು ಎಚ್‌ಟಿಟಿಪಿ 2ರಲ್ಲಿ ಜೇಸನ್ ಅನ್ನುವ ಟೆಕ್ಸ್ಟ್ ರೂಪದ ಡೇಟಾ ಕಳಿಸಿ ಮಾತಾಡ್ತವೆ, ವೆಬ್ ಆಪ್ ಮಾಡಿದ ಹಾಗೇ. 2020ರಲ್ಲಿ ಜಪಾನಿನ ರಾಕುಟೆನ್ ರೇಡಿಯೋ ಕಡೆಯನ್ನೂ ಸೇರಿಸಿ ಇಡೀ ನೆಟ್‌ವರ್ಕನ್ನೇ ವರ್ಚುವಲ್ ಮಾಡಿ ಕಮರ್ಷಿಯಲ್ ಸರ್ವಿಸ್ ಶುರು ಮಾಡಿ ತೋರಿಸ್ತು. ಇಲ್ಲಿ ಜಿಯೋ ತನ್ನ 5ಜಿ ಕೋರನ್ನು ತಾನೇ ಬರೆದುಕೊಂಡಿತು. 2025ರ ಸೆಪ್ಟೆಂಬರಲ್ಲಿ ಉದ್ಘಾಟನೆ ಆದ ಬಿಎಸ್‌ಎನ್‌ಎಲ್ 4ಜಿ ಸುಮಾರು 97,500 ಟವರಿಂದು, ಅದರಲ್ಲಿ ರೇಡಿಯೋ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸಿಂದು, ಕೋರ್ ಸರ್ಕಾರಿ ಸಂಸ್ಥೆ ಸಿ-ಡಾಟಿಂದು, ಎಲ್ಲ ಸೇರಿಸಿ ಜೋಡಿಸಿದ್ದು ಟಿಸಿಎಸ್. ಇಲ್ಲಿ ಗಮನಿಸ್ಬೇಕಾದ್ದು ಆ ಜೋಡಿಸುವ ಕೆಲ್ಸ. ಮೊದ್ಲು ಅಂಥ ಕೆಲ್ಸವೇ ಬೇರೆಯಾಗಿ ಇರ್ಲಿಲ್ಲ, ವೆಂಡರ್ ಬಾಕ್ಸಿನ ಒಳಗೇ ಅದು ಮುಗಿದಿರ್ತಿತ್ತು. ಈಗ ದುಡ್ಡು ಇರುದು ಅಲ್ಲಿಯೇ, ತಲೆನೋವು ಇರುದೂ ಅಲ್ಲಿಯೇ.

ಸರಿ, ಕೆಲ್ಸಕ್ಕೆ ಬರುವಾ.

8 ಜಿಬಿ ರ್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ಉಬುಂಟು 22.04 ಹಾಕಿ, ಸೀದಾ ಹಾಕಿದ್ರೂ ಆಗ್ತದೆ, ವಿಂಡೋಸಿನ ಮೇಲೆ ವರ್ಚುವಲ್‌ಬಾಕ್ಸಲ್ಲಿ ಹಾಕಿದ್ರೂ ಆಗ್ತದೆ. ಡಬ್ಲ್ಯುಎಸ್‌ಎಲ್ (ವಿಂಡೋಸಿನ ಒಳಗಿನ ಲಿನಕ್ಸ್) ಬೇಡ, ಎಸ್‌ಸಿಟಿಪಿ (ಟವರ್ ಕೋರ್ ಮಧ್ಯೆ ಸಿಗ್ನಲಿಂಗ್ ಸಾಗಿಸುವ ಪ್ರೊಟೋಕಾಲ್) ವಿಷಯದಲ್ಲಿ ತಕರಾರು ಮಾಡ್ತದೆ. ಕೋರಿಗೆ ನಾವು ಉಪಯೋಗಿಸುದು ಓಪನ್5ಜಿಎಸ್, ಫ್ರೀ, ಓಪನ್ ಸೋರ್ಸ್. ಟವರ್ ಮತ್ತು ಫೋನ್ ಎರಡರ ಪಾತ್ರಕ್ಕೂ ಯುಇರಾನ್‌ಸಿಮ್ ಅಂತ ಒಂದು ಸಿಮ್ಯುಲೇಟರ್ ಉಂಟು, ಅದೂ ಫ್ರೀ. ಕಮಾಂಡುಗಳನ್ನು ಇಲ್ಲಿ ಬರೆಯುದಿಲ್ಲ, ವರ್ಷನ್ ಬದಲಾಗ್ತಾ ಇರ್ತದೆ, ಓಪನ್5ಜಿಎಸ್ ಡಾಕ್ಯುಮೆಂಟೇಶನಲ್ಲಿ ಕ್ವಿಕ್‌ಸ್ಟಾರ್ಟ್ ಅಂತ ಒಂದು ಪೇಜ್ ಉಂಟು, ಅದರಲ್ಲಿ ಇದ್ದ ಹಾಗೇ ಮಾಡ್ತಾ ಹೋಗಿ. ನಾನು ಹೇಳುದು ಎಲ್ಲೆಲ್ಲಿ ಸಿಕ್ಕಿಹಾಕಿಕೊಳ್ತೀರಿ ಅನ್ನುದನ್ನು.

ಮೊದಲನೇ ಸಿಕ್ಕು ಮೋಂಗೋಡಿಬಿ. ಸಬ್‌ಸ್ಕ್ರೈಬರ್ ಡೇಟಾ ಎಲ್ಲ ಕೂತಿರುದು ಅದರಲ್ಲಿ, ಅಂದ್ರೆ ಹಳೇ ಕಾಲದ ಎಚ್‌ಎಲ್‌ಆರ್ ಕ್ಯಾಬಿನೆಟ್ ಈಗ ಒಂದು ಡೇಟಾಬೇಸ್. ಮೋಂಗೋಡಿಬಿ 5.0ರಿಂದ ಮುಂದಿನದ್ದಕ್ಕೆ ಸಿಪಿಯುನಲ್ಲಿ ಎವಿಎಕ್ಸ್ ಅನ್ನುವ ಇನ್‌ಸ್ಟ್ರಕ್ಷನ್ ಸೆಟ್ ಇರ್ಲೇಬೇಕು. ಹಳೇ ಲ್ಯಾಪ್‌ಟಾಪಾದ್ರೆ ಇರುದಿಲ್ಲ, ಹೊಸ ಲ್ಯಾಪ್‌ಟಾಪಲ್ಲಿ ಇದ್ರೂ ಕೆಲವೊಮ್ಮೆ ವರ್ಚುವಲ್‌ಬಾಕ್ಸಿನ ಒಳಗೆ ಸಿಗುದಿಲ್ಲ, ಆಗ ಮೋಂಗೋ ಸ್ಟಾರ್ಟ್ ಆದ ಹಾಗೆ ಮಾಡಿ ಇಲ್ಲೀಗಲ್ ಇನ್‌ಸ್ಟ್ರಕ್ಷನ್ ಅಂತ ಹೇಳಿ ರಪ್ಪ ಬೀಳ್ತದೆ. ಎಲ್‌ಎಸ್‌ಸಿಪಿಯು ಕೊಟ್ಟು ಫ್ಲ್ಯಾಗ್ಸಲ್ಲಿ ಎವಿಎಕ್ಸ್ ಉಂಟಾ ಅಂತ ಮೊದಲೇ ನೋಡಿ, ಇಲ್ಲದಿದ್ರೆ 4.4 ವರ್ಷನ್ ಹಾಕಿ, ಕಲಿಲಿಕ್ಕೆ ಅದು ಧಾರಾಳ ಸಾಕು.

ಓಪನ್5ಜಿಎಸ್ ಇನ್‌ಸ್ಟಾಲ್ ಆದ ಮೇಲೆ ಸಿಸ್ಟಮ್‌ಸಿಟಿಎಲ್ ಕೊಟ್ಟು ಸರ್ವಿಸ್ ಲಿಸ್ಟ್ ತೆಗೀರಿ. ಎಎಂಎಫ್, ಎಸ್‌ಎಂಎಫ್, ಯುಪಿಎಫ್, ಎನ್‌ಆರ್‌ಎಫ್, ಎಯುಎಸ್‌ಎಫ್, ಯುಡಿಎಂ, ಪಿಸಿಎಫ್ ಅಂತ ಹದಿನೈದಕ್ಕಿಂತ ಜಾಸ್ತಿ ಓಡ್ತಾ ಇರ್ತವೆ, 4ಜಿಯ ಎಂಎಂಇ, ಎಚ್‌ಎಸ್‌ಎಸ್ ಸಹ ಉಂಟು. ಇಲ್ಲಿ ಒಂದು ನಿಮಿಷ ನಿಲ್ಲಿ. ಮೊದ್ಲು ಎಸಿ ರೂಮಲ್ಲಿ ಸಾಲಾಗಿ ನಿಂತಿದ್ದ ರ್ಯಾಕುಗಳ ಕೆಲ್ಸ ಈಗ ನಿಮ್ಮ ಲ್ಯಾಪ್‌ಟಾಪಿನ ಪ್ರೊಸೆಸ್ ಲಿಸ್ಟಲ್ಲಿ ಉಂಟು, ಒಂದೊಂದು ಸಾಲು ಒಂದೊಂದು ಕ್ಯಾಬಿನೆಟ್. ಕೆಪ್ಯಾಸಿಟಿ, ಬಿಲ್ಲಿಂಗ್, ರಿಡಂಡೆನ್ಸಿ ಎಲ್ಲ ಬೇರೆ ಮಾತು, ಆದ್ರೆ ಕೆಲ್ಸ ಅದೇ, ಸ್ಟ್ಯಾಂಡರ್ಡ್ ಅದೇ.

ಇದರಲ್ಲಿ ಎಎಂಎಫ್ ಅಂದ್ರೆ ಫೋನ್ ಬಂದು ಬಾಗ್ಲು ತಟ್ಟುವ ಜಾಗ, ರಿಜಿಸ್ಟ್ರೇಶನ್, ಮೊಬಿಲಿಟಿ ಅದರ ಕೆಲ್ಸ. ಎನ್‌ಆರ್‌ಎಫ್ ಯಾರು ಎಲ್ಲಿದ್ದಾರೆ ಅಂತ ಹೇಳುವ ಡೈರೆಕ್ಟರಿ. ಎಯುಎಸ್‌ಎಫ್ ಗಿರಾಕಿಯ ಗುರುತು ಪರೀಕ್ಷಿಸುದು, ಯುಡಿಎಂ ಗಿರಾಕಿಯ ಡೇಟಾ ಕೊಡುದು. ಎಸ್‌ಎಂಎಫ್ ಮತ್ತು ಯುಪಿಎಫ್ ಸಂಬಂಧ ಅರ್ಥ ಆಗ್ಬೇಕಾದ್ರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಹೊರಡುವ ಸಿಟಿ ಬಸ್ ನೆನಪು ಮಾಡಿಕೊಳ್ಳಿ, ಯಾರು ಹತ್ತುದು, ಎಲ್ಲಿವರೆಗೆ ಟಿಕೆಟ್, ಯಾವಾಗ ಸೀಟಿ ಊದುದು ಎಲ್ಲ ಕಂಡಕ್ಟರ್ ನೋಡ್ತಾನೆ, ಜನರನ್ನು ಹೊತ್ತುಕೊಂಡು ಹೋಗುದು ಬಸ್. ಎಸ್‌ಎಂಎಫ್ ಕಂಡಕ್ಟರ್, ಯುಪಿಎಫ್ ಬಸ್. ನಿಮ್ಮ ಡೇಟಾ ಹೋಗುದು ಯುಪಿಎಫ್ ಮೂಲಕ ಮಾತ್ರ, ಎಸ್‌ಎಂಎಫ್ ಅದನ್ನು ಮುಟ್ಟುದೇ ಇಲ್ಲ. ಇವ್ರಿಬ್ಬರು ಮಾತಾಡುದು ಪಿಎಫ್‌ಸಿಪಿ ಅನ್ನುವ ಪ್ರೊಟೋಕಾಲಲ್ಲಿ, ಯುಡಿಪಿ ಪೋರ್ಟ್ 8805. ಟವರಿಂದ ಯುಪಿಎಫ್‌ಗೆ ಡೇಟಾ ಬರುದು ಜಿಟಿಪಿ-ಯು, 2152. ಟವರಿಂದ ಎಎಂಎಫ್‌ಗೆ ಸಿಗ್ನಲಿಂಗ್ ಎನ್‌ಜಿಎಪಿ, ಎಸ್‌ಸಿಟಿಪಿ ಮೇಲೆ, ಪೋರ್ಟ್ 38412. ಈ ಮೂರು ನಂಬರ್ ಬಾಯಿಪಾಠ ಆಗ್ಲಿ, ಫೈರ್‌ವಾಲ್ ಟೀಮಿನ ಹತ್ರ ಮಾತಾಡುವಾಗ ದಿನಾ ಬೇಕಾಗ್ತದೆ.

ಆಮೇಲೆ ವೆಬ್‌ಯುಐ, ಅಂದ್ರೆ ಬ್ರೌಸರಲ್ಲಿ ತೆರೆಯುವ ಓಪನ್5ಜಿಎಸ್ ಪೇಜ್. ಪೋರ್ಟ್ 9999, ಹಳೇ ವರ್ಷನಾದ್ರೆ 3000, ಯೂಸರ್ ಅಡ್ಮಿನ್, ಪಾಸ್‌ವರ್ಡ್ 1423. ಅಲ್ಲಿ ಒಂದು ಸಬ್‌ಸ್ಕ್ರೈಬರ್ ಸೇರಿಸಿ, ಐಎಂಎಸ್‌ಐ (ಸಿಮ್ಮಿನ ಗುರುತಿನ ನಂಬರ್) 999700000000001. ಯುಇರಾನ್‌ಸಿಮ್ ಫೈಲಲ್ಲಿ ಡೀಫಾಲ್ಟ್ ಇರುದು ಅದೇ, 999 ಮತ್ತು 70 ಅನ್ನುದು ನೆಟ್‌ವರ್ಕ್ ಕೋಡ್. ನಮ್ಮ ದೇಶದ್ದು 404, 405ರಲ್ಲಿ ಶುರು ಆಗುದು, ಅದನ್ನು ಹಾಕ್ಲಿಕ್ಕೆ ಹೋಗ್ಬೇಡಿ. ಕೀ ಮತ್ತು ಓಪಿಸಿ (ಸಿಮ್ಮಿನ ರಹಸ್ಯ ಸಂಖ್ಯೆಗಳು) ವೆಬ್‌ಯುಐ, ಯುಇರಾನ್‌ಸಿಮ್ ಎರಡೂ ಕಡೆ ಅಕ್ಷರಕ್ಕೆ ಅಕ್ಷರ ಒಂದೇ ಇರ್ಬೇಕು, ಜೊತೆಗೆ ಅದು ಓಪಿಯಾ ಓಪಿಸಿಯಾ ಅನ್ನುವ ಟೈಪ್ ಸಹ ಸರಿ ಇರ್ಬೇಕು, ಹತ್ತರಲ್ಲಿ ಐದು ಜನ ಬೀಳುದು ಇದೇ ಗುಂಡಿಗೆ.

ಯುಇರಾನ್‌ಸಿಮನ್ನು ಸೋರ್ಸಿಂದ ಕಂಪೈಲ್ ಮಾಡ್ಬೇಕು, ಕಷ್ಟ ಎಂಥ ಇಲ್ಲ. ಒಂದೇ ಮಷೀನಲ್ಲಿ ಎಲ್ಲ ಇದ್ರೆ ಡೀಫಾಲ್ಟ್ ಕಾನ್ಫಿಗ್ ಹೆಚ್ಚುಕಮ್ಮಿ ಹಾಗೇ ನಡೀತದೆ, ಎಎಂಎಫ್ 127.0.0.5ರಲ್ಲಿ ಕೂತಿರ್ತದೆ, ಟವರ್ ಅದನ್ನೇ ಹುಡುಕಿಕೊಂಡು ಹೋಗ್ತದೆ. ಒಂದು ಟರ್ಮಿನಲಲ್ಲಿ ಜಿಎನ್‌ಬಿ (5ಜಿ ಟವರ್) ಓಡಿಸಿ, ಎನ್‌ಜಿ ಸೆಟಪ್ ಸಕ್ಸೆಸ್‌ಫುಲ್ ಅಂತ ಬಂದ್ರೆ ಸೈಟ್ ಆನ್ ಏರ್ ಅಂತ ಲೆಕ್ಕ. ಇನ್ನೊಂದರಲ್ಲಿ ಯುಇ (ಫೋನ್) ಓಡಿಸಿ, ಇದಕ್ಕೆ ಸುಡೋ ಬೇಕು. ರಿಜಿಸ್ಟ್ರೇಶನ್ ಆಯ್ತು, ಪಿಡಿಯು ಸೆಶನ್ (ಡೇಟಾ ಕನೆಕ್ಷನ್) ಆಯ್ತು, ಯುಇಸಿಮ್‌ಟನ್0 ಅನ್ನುವ ಇಂಟರ್‌ಫೇಸಿಗೆ 10.45 ಸೀರೀಸಿನ ಒಂದು ಐಪಿ ಸಿಕ್ಕಿತು ಅಂತ ಸಾಲುಗಳು ಬರ್ತವೆ. ಆ ಇಂಟರ್‌ಫೇಸಿಂದ ಪಿಂಗ್ ಕೊಡಿ. ಹೋಗದಿದ್ರೆ ಐಪಿ ಫಾರ್ವರ್ಡಿಂಗ್ ಆನ್ ಮಾಡಿ, 10.45.0.0/16ಕ್ಕೆ ಐಪಿಟೇಬಲ್ಸಲ್ಲಿ ಮಾಸ್ಕರೇಡ್ (ಹೊರಗೆ ಹೋಗುವಾಗ ಲ್ಯಾಪ್‌ಟಾಪಿನ ಐಪಿ ಹಚ್ಚುದು) ಹಾಕಿ. ಸೆಶನ್ ಆದ ಮೇಲೂ ಪಿಂಗ್ ಹೋಗದಿದ್ರೆ ಮೊದ್ಲು ನೋಡ್ಬೇಕಾದ್ದು ಈ ಎರಡನ್ನೇ.

ಇಲ್ಲಿಗೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗ್ದು ಲಿಂಕ್ಡ್‌ಇನ್ನಲ್ಲಿ ಹಾಕುವವ್ರು ತುಂಬಾ ಜನ. ಹಾಕಿ, ಬೇಡ ಅಂತ ಹೇಳುದಿಲ್ಲ. ಆದ್ರೆ ಕಲಿಯುದು ಶುರು ಆಗುದೇ ಇಲ್ಲಿಂದ.

ವೈರ್‌ಶಾರ್ಕ್ (ನೆಟ್‌ವರ್ಕ್ ಪ್ಯಾಕೆಟ್ ಹಿಡಿದು ತೋರಿಸುವ ಟೂಲ್) ತೆರೆದು ಲೂಪ್‌ಬ್ಯಾಕ್ ಇಂಟರ್‌ಫೇಸಲ್ಲಿ ಕ್ಯಾಪ್ಚರ್ ಇಟ್ಟು ಯುಇಯನ್ನು ಮತ್ತೆ ಓಡಿಸಿ. ಫಿಲ್ಟರಲ್ಲಿ ಎನ್‌ಜಿಎಪಿ ಹಾಕಿದ್ರೆ ರಿಜಿಸ್ಟ್ರೇಶನ್ ರಿಕ್ವೆಸ್ಟ್, ಅಥೆಂಟಿಕೇಶನ್, ಸೆಕ್ಯುರಿಟಿ ಮೋಡ್, ರಿಜಿಸ್ಟ್ರೇಶನ್ ಆಕ್ಸೆಪ್ಟ್ ಅಂತ ಒಂದರ ಹಿಂದೆ ಒಂದು ಬರ್ತದೆ. ಡೀಫಾಲ್ಟಲ್ಲಿ ಎನ್‌ಇಎ0 (5ಜಿ-ಇಎ0 ಅಂದ್ರೂ ಅದೇ) ಮೊದ್ಲು ಇರುದರಿಂದ ನಿಜವಾದ ಎನ್‌ಕ್ರಿಪ್ಶನ್ ಇರುದಿಲ್ಲ, ಆದ್ರೂ ವೈರ್‌ಶಾರ್ಕಿಗೆ ಅದು ಗೊತ್ತಾಗುದಿಲ್ಲ, ಎನ್‌ಎಎಸ್-5ಜಿಎಸ್ ಪ್ರಿಫರೆನ್ಸಲ್ಲಿ 5ಜಿ-ಇಎ0 ಮೆಸೇಜನ್ನು ಬಿಡಿಸಿ ನೋಡು ಅನ್ನುವ ಟಿಕ್ ಹಾಕ್ಬೇಕು. ಕೋರಿನ ಒಳಗಿನ ಮಾತು ಪೋರ್ಟ್ 7777ರಲ್ಲಿ ಇರ್ತದೆ, ಅದನ್ನು ಎಚ್‌ಟಿಟಿಪಿ 2 ಅಂತ ಡಿಕೋಡ್ ಆ್ಯಸ್ ಮಾಡಿ. ಎಎಂಎಫ್ ಹೋಗಿ ಎಯುಎಸ್‌ಎಫ್ ಹತ್ರ ಈ ಹುಡುಗ ಯಾರು ಅಂತ ಕೇಳುದು, ಎಯುಎಸ್‌ಎಫ್ ಯುಡಿಎಂ ಹತ್ರ ಕೇಳುದು, ಎಲ್ಲ ಜೇಸನಲ್ಲಿ ಓದ್ಲಿಕ್ಕೆ ಆಗುವ ಹಾಗೆ ಕಾಣ್ತದೆ. ಪಕ್ಕದಲ್ಲಿ 3ಜಿಪಿಪಿಯ 23.502 ತೆಗ್ದು ಇಟ್ಟುಕೊಳ್ಳಿ, ಸೆಕ್ಷನ್ 4.2.2.2 ರಿಜಿಸ್ಟ್ರೇಶನ್, 4.3.2.2 ಸೆಶನ್ ಎಸ್ಟಾಬ್ಲಿಷ್‌ಮೆಂಟ್, ಅದರಲ್ಲಿರುವ ಬಾಣದ ಗುರುತಿನ ಚಿತ್ರವನ್ನು ನಿಮ್ಮ ಕ್ಯಾಪ್ಚರಿನ ಜೊತೆ ಒಂದೊಂದಾಗಿ ತಾಳೆ ಹಾಕಿ. ಸ್ಪೆಕ್ ಫ್ರೀಯಾಗಿ ಸಿಗ್ತದೆ, ಅದನ್ನೇ ಪಿಪಿಟಿ ಮಾಡಿ ಸಾವಿರಗಟ್ಟಲೆ ರೂಪಾಯಿಗೆ ಮಾರುವ ಕೋರ್ಸಿಗೆ ಸೇರ್ಬೇಡಿ.

ಈಗ ಹಾಳು ಮಾಡುವ ಕೆಲ್ಸ.

ಪಿಂಗ್ ಓಡ್ತಾ ಇರ್ಲಿ, ಯುಪಿಎಫ್ ಸರ್ವಿಸ್ ಮಾತ್ರ ನಿಲ್ಲಿಸಿ. ಪಿಂಗ್ ಅಲ್ಲಿಗೇ ನಿಂತಿತು, ಆದ್ರೆ ಯುಇ ಇನ್ನೂ ರಿಜಿಸ್ಟರ್ ಆಗಿಯೇ ಉಂಟು, ಟವರಿಗೂ ಎಎಂಎಫ್‌ಗೂ ಲಿಂಕ್ ಚಂದ ಉಂಟು, ಎಲ್ಲೂ ಕೆಂಪು ಇಲ್ಲ. ಇದು ನಮಗೆ ಎಷ್ಟೋ ವರ್ಷದಿಂದ ಗೊತ್ತಿರುವ ಕಂಪ್ಲೇಂಟ್, ಟವರ್ ಫುಲ್ ತೋರಿಸ್ತದೆ ನೆಟ್ ಬರುದಿಲ್ಲ ಅಂತ ಮೂಡುಬಿದ್ರೆಯಿಂದ ಯಾರೋ ಫೋನ್ ಮಾಡಿ ಬಯ್ಯುದು ಇದನ್ನೇ. ಸೈಟಿಗೆ ಹೋಗಿ ವಿಎಸ್‌ಡಬ್ಲ್ಯುಆರ್ (ಆಂಟೆನಾ, ಕೇಬಲ್ ಸರಿ ಉಂಟಾ ಅಂತ ಹೇಳುವ ಅಳತೆ) ನೋಡಿದ್ರೂ ಅಲಾರಂ ನೋಡಿದ್ರೂ ಎಂಥ ಸಿಗುದಿಲ್ಲ, ಯಾಕಂದ್ರೆ ತಪ್ಪು ಅಲ್ಲಿ ಇಲ್ಲ. ಈಗ ಉಲ್ಟಾ ಮಾಡಿ, ಯುಪಿಎಫ್ ಬಿಟ್ಟು ಎಸ್‌ಎಂಎಫ್ ನಿಲ್ಲಿಸಿ. ಪಿಂಗ್ ತಕ್ಷಣ ನಿಲ್ಲುದಿಲ್ಲ, ಹೊಸ ಯುಇ ಸೆಶನ್ ಕೇಳಿದ್ರೆ ಮಾತ್ರ ಸಿಗುದಿಲ್ಲ. ಹಳಬರಿಗೆ ನೆಟ್ ಉಂಟು, ಫೋನ್ ಆಫ್ ಮಾಡಿ ಆನ್ ಮಾಡಿದವ್ರಿಗೆ ಇಲ್ಲ, ಅಂಥ ವಿಚಿತ್ರ ಕಂಪ್ಲೇಂಟ್ ಬಂದ್ರೆ ಎಲ್ಲಿ ನೋಡ್ಬೇಕು ಅಂತ ಈಗ ಗೊತ್ತಾಯ್ತು ಅಲ್ವಾ.

ಆಮೇಲೆ ಕೀಯಲ್ಲಿ ಒಂದು ಅಕ್ಷರ ಬದಲಿಸಿ, ಮ್ಯಾಕ್ ಫೇಲ್ಯೂರ್ (ಗುರುತು ತಾಳೆ ಆಗ್ಲಿಲ್ಲ ಅನ್ನುವ ಎರರ್) ಬರ್ತದೆ. ಜಿಎನ್‌ಬಿಯಲ್ಲಿ ನೆಟ್‌ವರ್ಕ್ ಕೋಡ್ ತಪ್ಪಿಸಿ, ಎನ್‌ಜಿ ಸೆಟಪ್ಪೇ ಆಗುದಿಲ್ಲ. ಟಿಎಸಿ (ಟವರಿನ ಏರಿಯಾ ಕೋಡ್) ತಪ್ಪಿಸಿ. ಎಂಟಿಯು (ಒಂದು ಪ್ಯಾಕೆಟಿನ ಗರಿಷ್ಠ ಸೈಜ್) ಜೊತೆ ಆಟ ಆಡಿ, ಇದು ನನ್ನ ಪ್ರಕಾರ ಎಲ್ಲಕ್ಕಿಂತ ಉಪಯೋಗದ್ದು, ಜಿಟಿಪಿ ಸುತ್ತಿದ ಮೇಲೆ ಪ್ಯಾಕೆಟ್ 40 ಬೈಟ್ ಆಸುಪಾಸು ದಪ್ಪ ಆಗ್ತದೆ, ಮಧ್ಯದ ಟ್ರಾನ್ಸ್‌ಪೋರ್ಟಲ್ಲಿ ಎಲ್ಲಿಯೋ 1500 ಅಂತ ಬಿಗಿಯಾಗಿ ಇಟ್ಟಿದ್ರೆ ಸಣ್ಣ ಪಿಂಗ್ ಹೋಗ್ತದೆ, ವಾಟ್ಸಾಪ್ ಮೆಸೇಜ್ ಹೋಗ್ತದೆ, ವಿಡಿಯೋ ಮಾತ್ರ ತಿರುಗ್ತಾ ಕೂತುಕೊಳ್ತದೆ. ಟ್ರಾನ್ಸ್‌ಮಿಷನ್ ಕೆಲ್ಸ ಮಾಡಿದವ್ರಿಗೆ ಇದು ಅರ್ಧ ನಿಮಿಷದಲ್ಲಿ ತಲೆಗೆ ಹೋಗ್ತದೆ. ಬರೀ ಕ್ಲೌಡ್ ಕಲಿತು ಬಂದವ್ರು ದಿನಗಟ್ಟಲೆ ಹುಡುಕುದುಂಟು, ಅದಕ್ಕೇ ಹೇಳುದು ಫೀಲ್ಡಲ್ಲಿ ಕಲಿತದ್ದು ದಂಡ ಅಂತ ತಿಳ್ಕೊಳ್ಬೇಡಿ.

ಪ್ರತಿ ಸಲ ಎಂಥ ಹಾಳು ಮಾಡಿದ್ದು, ಯಾವ ಲಾಗಲ್ಲಿ ಯಾವ ಸಾಲು ಬಂತು, ಗಿರಾಕಿಗೆ ಹೇಗೆ ಕಂಡೀತು ಅಂತ ಒಂದು ನೋಟ್ ಮಾಡಿಟ್ಟುಕೊಳ್ಳಿ. ಇಂಟರ್‌ವ್ಯೂಗೆ ಇದಕ್ಕಿಂತ ಒಳ್ಳೆ ತಯಾರಿ ಇನ್ನೊಂದಿಲ್ಲ.

ಇಷ್ಟು ಕೈಗೆ ಕೂತ ಮೇಲೆ ಕುಬರ್ನೆಟೀಸ್. ಅದಕ್ಕಿಂತ ಮೊದ್ಲು ಬೇಡ, ಎರಡೂ ಒಟ್ಟಿಗೆ ಹಿಡಿದ್ರೆ ತಪ್ಪು ಟೆಲಿಕಾಂದಾ ಕುಬರ್ನೆಟೀಸಿಂದಾ ಅಂತ ಗೊತ್ತಾಗದೆ ತಲೆ ಕೆಡ್ತದೆ. ಕೆ3ಎಸ್ ಅನ್ನುವ ಕುಬರ್ನೆಟೀಸ್ ಹಾಕಿ, ಸಣ್ಣದು, ಲ್ಯಾಪ್‌ಟಾಪಿಗೆ ಭಾರ ಆಗುದಿಲ್ಲ. ಓಪನ್5ಜಿಎಸ್‌ಗೆ ಹೆಲ್ಮ್ ಚಾರ್ಟ್ (ಕುಬರ್ನೆಟೀಸಲ್ಲಿ ಇನ್‌ಸ್ಟಾಲ್ ಮಾಡುವ ಪ್ಯಾಕೇಜ್) ರೆಡಿ ಸಿಗ್ತದೆ. ಎಎಂಎಫ್ ಪಾಡ್ (ಅದು ಓಡುವ ಕಂಟೇನರ್) ಒಂದನ್ನು ಡಿಲೀಟ್ ಮಾಡಿ ನೋಡಿ, ಅದು ತನ್ನಷ್ಟಕ್ಕೆ ಎದ್ದು ಬರ್ತದೆ. ವೆಂಡರ್ ಸ್ಲೈಡುಗಳಲ್ಲಿ ಸೆಲ್ಫ್ ಹೀಲಿಂಗ್ ಅಂತ ದೊಡ್ಡದಾಗಿ ಬರೆಯುದು ಇದನ್ನೇ. ಆದ್ರೆ ಪಾಡ್ ಎದ್ದು ಬಂದ್ರೂ ಅದರ ನೆನಪಲ್ಲಿದ್ದ ಸಬ್‌ಸ್ಕ್ರೈಬರುಗಳ ಸ್ಥಿತಿ ಹೋಯ್ತಲ್ಲ, ಟವರಿಗೆ ಎಸ್‌ಸಿಟಿಪಿ ಲಿಂಕ್ ಕಡಿದು ಹೋಯ್ತಲ್ಲ, ಅದು ಹೇಗೆ ಸರಿ ಆಗುದು ಅಂತ ಕೇಳಿದ್ರೆ ಸ್ಲೈಡ್ ಮಾತಾಡುದಿಲ್ಲ. ವೆಬ್‌ಸೈಟ್ ಪಾಡ್ ಬಿದ್ದು ಎದ್ರೆ ಯಾರಿಗೂ ಗೊತ್ತಾಗುದಿಲ್ಲ, ಎಎಂಎಫ್ ಬಿದ್ದು ಎದ್ರೆ ಒಂದಿಡೀ ಊರಿನ ಫೋನುಗಳು ಒಟ್ಟಿಗೆ ರಿಜಿಸ್ಟರ್ ಮಾಡ್ಲಿಕ್ಕೆ ನುಗ್ತವೆ.

ಯುಪಿಎಫ್ ಕುಬರ್ನೆಟೀಸಿಗೆ ಬಂದಾಗ ಇನ್ನೊಂದು ರಗಳೆ. ಒಂದು ಪಾಡಿಗೆ ಸಾಮಾನ್ಯವಾಗಿ ಒಂದೇ ನೆಟ್‌ವರ್ಕ್ ಇಂಟರ್‌ಫೇಸ್, ಯುಪಿಎಫ್‌ಗೆ ಟವರ್ ಕಡೆಗೆ ಒಂದು, ಎಸ್‌ಎಂಎಫ್ ಕಡೆಗೆ ಒಂದು, ಇಂಟರ್ನೆಟ್ ಕಡೆಗೆ ಒಂದು ಬೇಕು, ಅದಕ್ಕೆ ಮಲ್ಟಸ್ ಅನ್ನುವ ಪ್ಲಗಿನ್ ಹಾಕುದು. ನಿಜವಾದ ನೆಟ್‌ವರ್ಕಲ್ಲಿ ಡಿಪಿಡಿಕೆ, ಎಸ್‌ಆರ್-ಐಒವಿ, ಹ್ಯೂಜ್‌ಪೇಜಸ್, ಸಿಪಿಯು ಪಿನ್ನಿಂಗ್ ಅಂತ ಪ್ಯಾಕೆಟ್ ವೇಗ ಹೆಚ್ಚಿಸುವ ತಂತ್ರ ಎಲ್ಲ ಬರ್ತದೆ. ಇದೆಲ್ಲ ಮಾಡುದು ಯಾಕಂದ್ರೆ ಲಿನಕ್ಸ್ ಕರ್ನಲಿನ ಮಾಮೂಲಿ ದಾರಿಯಲ್ಲಿ ಅಷ್ಟು ಪ್ಯಾಕೆಟ್ ದಾಟಿಸ್ಲಿಕ್ಕೆ ಆಗುದಿಲ್ಲ. ಅಂದ್ರೆ ಮಾಮೂಲಿ ಸರ್ವರ್ ಸಾಕು ಅಂತ ಶುರು ಮಾಡಿದವ್ರು ಕಡೆಗೆ ಒಂದು ನಿರ್ದಿಷ್ಟ ನೆಟ್‌ವರ್ಕ್ ಕಾರ್ಡ್, ನಿರ್ದಿಷ್ಟ ಬಯಾಸ್ ಸೆಟ್ಟಿಂಗ್, ನಿರ್ದಿಷ್ಟ ಕರ್ನಲ್ ಅಂತ ಹೇಳುವಲ್ಲಿಗೆ ಬಂದು ಮುಟ್ಟುದು. ನಗು ಬರ್ತದೆ, ಆದ್ರೆ ಆ ಸೆಟ್ಟಿಂಗ್ ಗೊತ್ತಿದ್ದವ್ರಿಗೆ ಸಂಬಳ ಒಳ್ಳೆದು ಸಿಗ್ತದೆ.

ರೇಡಿಯೋ ಕಡೆ ಇನ್ನೂ ಕಷ್ಟ. 30 ಕಿಲೋಹರ್ಟ್ಸ್ ಸಬ್‌ಕ್ಯಾರಿಯರ್ ಸ್ಪೇಸಿಂಗಲ್ಲಿ ಒಂದು ಸ್ಲಾಟ್ (ಡೇಟಾ ಕಳಿಸುವ ಸಮಯದ ತುಂಡು) ಅಂದ್ರೆ ಅರ್ಧ ಮಿಲಿಸೆಕೆಂಡ್, ಅಷ್ಟರೊಳಗೆ ಸಿಪಿಯು ಲೆಕ್ಕ ಮುಗಿಸ್ಲೇಬೇಕು, ತಡ ಆದ್ರೆ ಆ ಸ್ಲಾಟ್ ಹೋಯ್ತು. 2018ರಲ್ಲಿ ಶುರುವಾದ ಓ-ರಾನ್ (ಓಪನ್ ರೇಡಿಯೋ ನೆಟ್‌ವರ್ಕ್) ಅಲೈಯನ್ಸ್ ಬೇಸ್‌ಬ್ಯಾಂಡನ್ನು (ಸಿಗ್ನಲ್ ಲೆಕ್ಕ ಮಾಡುವ ಭಾಗ) 7.2ಎಕ್ಸ್ ಅನ್ನುವ ಜಾಗದಲ್ಲಿ ಕಡಿದು, ಒಬ್ಬನ ರೇಡಿಯೋ ಇನ್ನೊಬ್ಬನ ಸಾಫ್ಟ್‌ವೇರ್ ಜೋಡಿಸುವ ಹಾಗೆ ಮಾಡಿತು, ಪೇಪರಲ್ಲಿ. ಅದು ನಡೀಬೇಕಾದ್ರೆ ಪಿಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ) ಟೈಮಿಂಗ್ ಸರಿ ಇರ್ಬೇಕು, ಜಿಪಿಎಸ್ ಆಂಟೆನಾ ಆಕಾಶ ಕಾಣುವ ಜಾಗದಲ್ಲಿ ಇರ್ಬೇಕು, ಅದರ ಕೇಬಲಿಗೆ ಮಳೆನೀರು ಇಳೀಬಾರ್ದು. ಜೂನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ, ಸಿಡಿಲಲ್ಲಿ, ಕರೆಂಟ್ ಹೋಗಿ ಬ್ಯಾಟರಿ ಡ್ರೈ ಆದ ಸೈಟಲ್ಲಿ ಕೆಲ್ಸ ಮಾಡಿದವ್ರಿಗೆ ಇದರ ಬೆಲೆ ಹೇಳಿಕೊಡ್ಬೇಕಾ. ಹೈವೇ ಕೆಲ್ಸದ ಜೆಸಿಬಿ ಫೈಬರ್ ಎತ್ತಿ ಹಾಕಿದ್ರೆ ಯಾವ ಕ್ಲೌಡೂ ಬಂದು ಸ್ಪ್ಲೈಸ್ ಮಾಡುದಿಲ್ಲ.

ಬಿಸ್ನೆಸ್ ಕಡೆ ಎಂಥ ಆಯ್ತು ಅಂತ ಗೊತ್ತಿದ್ರೆ ಯಾವ ಕೆಲ್ಸಕ್ಕೆ ಅಪ್ಲೈ ಮಾಡುದು ಅಂತ ಅಂದಾಜು ಸಿಗ್ತದೆ. ಓಪನ್ ಅಂದ್ರೆ ಸಣ್ಣ ಕಂಪನಿಗಳಿಗೆ ಸುಗ್ಗಿ ಅಂತ ಎಲ್ಲ ತಿಳಿದಿದ್ರು. 2023ರ ಡಿಸೆಂಬರಲ್ಲಿ ಎಟಿ ಆಂಡ್ ಟಿ ಓಪನ್ ರಾನ್ ಹೆಸರಲ್ಲಿ ಐದು ವರ್ಷಕ್ಕೆ 14 ಬಿಲಿಯನ್ ಡಾಲರ್ ತನಕದ ಒಪ್ಪಂದ ಮಾಡಿಕೊಂಡದ್ದು ಎರಿಕ್ಸನ್ ಜೊತೆ, ಅಂದ್ರೆ ಹಳೇ ದೊಡ್ಡ ವೆಂಡರ್ ಜೊತೆಯೇ. ಮೈಕ್ರೋಸಾಫ್ಟ್ 2020ರಲ್ಲಿ ಅಫರ್ಮ್ಡ್, ಮೆಟಾಸ್ವಿಚ್ ಅಂತ ಟೆಲಿಕಾಂ ಸಾಫ್ಟ್‌ವೇರಿನ ಎರಡು ಕಂಪನಿ ಖರೀದಿ ಮಾಡಿ ಜೋರಲ್ಲಿ ಟೆಲಿಕಾಂಗೆ ಇಳಿದು, ಕೆಲವೇ ವರ್ಷದಲ್ಲಿ ಮೆಟಾಸ್ವಿಚ್ಚನ್ನು ಮಾರ್ಲಿಕ್ಕೆ ಹೊರಟಿತು. ವರ್ಚುವಲೈಸೇಶನ್ ಲೇಯರ್ ಕೊಡ್ತಿದ್ದ ವಿಎಂವೇರನ್ನು 2023ರಲ್ಲಿ ಬ್ರಾಡ್‌ಕಾಮ್ ತೆಗೊಂಡಿತು, ಮರುವರ್ಷ ಸಪೋರ್ಟ್ ವಿಷಯದಲ್ಲಿ ಎಟಿ ಆಂಡ್ ಟಿ ಬ್ರಾಡ್‌ಕಾಮ್ ಮೇಲೆ ಕೋರ್ಟಿಗೆ ಹೋಗಿ ಕಡೆಗೆ ರಾಜಿ ಆಯ್ತು. ಬಾಕ್ಸಿನ ಲಾಕ್-ಇನ್ ಬಿಟ್ಟು ಓಡಿ ಬಂದವ್ರಿಗೆ ಲೈಸೆನ್ಸಿನ ಲಾಕ್-ಇನ್ ಸಿಕ್ಕಿತು ಅಷ್ಟೇ.

ಹಾಗಾಗಿ ನನ್ನ ಲೆಕ್ಕ ಹೀಗೆ, ಒಂದು ಪ್ರಾಡಕ್ಟಿನ ಹೆಸರಿಗೆ ಅಂಟಿಕೊಂಡು ಸರ್ಟಿಫಿಕೇಟ್ ಮಾಡ್ಬೇಡಿ. ಲಿನಕ್ಸ್ ನೆಟ್‌ವರ್ಕಿಂಗ್, ವೈರ್‌ಶಾರ್ಕ್, ಕುಬರ್ನೆಟೀಸ್ ಬೇಸಿಕ್, ಚೂರು ಪೈಥಾನ್, ಇಷ್ಟು ಗಟ್ಟಿ ಮಾಡಿ. ಹುಡುಕ್ಬೇಕಾದ್ದು ಇಂಟಿಗ್ರೇಶನ್, ಟೆಸ್ಟ್ ಆಟೊಮೇಶನ್, ಕೋರ್ ಸಪೋರ್ಟ್, ಈ ಹೆಸರಿನ ಕೆಲ್ಸಗಳನ್ನು. ರಾತ್ರಿ ಎರಡು ಗಂಟೆಗೆ ನೆಟ್‌ವರ್ಕ್ ಬಿದ್ದಾಗ ಸರ್ವರಿನವ್ರು ಕ್ಲೌಡಿನವ್ರ ಕಡೆ ಕೈ ತೋರಿಸ್ತಾರೆ, ಕ್ಲೌಡಿನವ್ರು ಆಪ್ಲಿಕೇಶನ್ ಕಡೆ, ಆಪ್ಲಿಕೇಶನಿನವ್ರು ಟ್ರಾನ್ಸ್‌ಪೋರ್ಟ್ ಕಡೆ, ಆ ಕಾನ್ಫರೆನ್ಸ್ ಕಾಲಲ್ಲಿ ಕ್ಯಾಪ್ಚರ್ ತೆರೆದು ಇಗೊಳ್ಳಿ ಪ್ಯಾಕೆಟ್ ಇಲ್ಲಿವರೆಗೆ ಬಂದಿದೆ ಇಲ್ಲಿಂದ ಮುಂದೆ ಹೋಗ್ಲಿಲ್ಲ ಅಂತ ತೋರಿಸುವವ್ರು ಎಲ್ಲರಿಗೂ ಬೇಕು. ಸದ್ಯಕ್ಕೆ ಇಂಥ ಕೆಲ್ಸ ಜಾಸ್ತಿ ಇರುದು ಬೆಂಗಳೂರಲ್ಲಿ, ನೋಕಿಯಾ, ಎರಿಕ್ಸನ್, ತೇಜಸ್, ಸಿ-ಡಾಟ್ ಎಲ್ಲ ಅಲ್ಲಿ ಉಂಟು, ಊರಲ್ಲೇ ಕೂತು ಮಾಡುವ ಕೆಲ್ಸ ಬೇಕಾದ್ರೆ ರಿಮೋಟ್ ಸಪೋರ್ಟ್ ಕಡೆ ನೋಡಿ, ಶಿಫ್ಟ್ ಮಾತ್ರ ರಾತ್ರಿಯದ್ದು ಸಿಗ್ಬಹುದು.

ಒಂದು ಮಾತು ಬಾಕಿ ಉಂಟು. ಸಿಮ್ಯುಲೇಟರಲ್ಲಿ ಕೈ ಕೂತ ಮೇಲೆ ಎಲ್ಲರಿಗೂ ನಿಜವಾದ ರೇಡಿಯೋ ಬೇಕು ಅಂತ ಆಸೆ ಬರ್ತದೆ, ಎಸ್‌ಡಿಆರ್ (ಸಾಫ್ಟ್‌ವೇರಿಂದ ನಡೆಸುವ ರೇಡಿಯೋ) ಬೋರ್ಡ್ ತರಿಸಿ ಎಸ್‌ಆರ್‌ಎಸ್‌ರಾನ್ ಅನ್ನುವ ಟವರ್ ಸಾಫ್ಟ್‌ವೇರ್ ಹಾಕಿದ್ರೆ ನಿಜ ಫೋನೇ ಸೇರ್ತದೆ. ಆದ್ರೆ ಮೊಬೈಲ್ ಬ್ಯಾಂಡಲ್ಲಿ ಲೈಸೆನ್ಸ್ ಇಲ್ಲದೆ ಸಿಗ್ನಲ್ ಬಿಡುದು ಕಾನೂನು ಪ್ರಕಾರ ಅಪರಾಧ, ಪವರ್ ಕಮ್ಮಿ ಅಂತ ಬಿಡುದಿಲ್ಲ, ಪಕ್ಕದ ಮನೆಯವ್ರ ಫೋನ್ ನಿಮ್ಮ ಸೆಲ್ ಹುಡುಕಿಕೊಂಡು ಬಂದ್ರೆ ಮತ್ತೆ ಉತ್ತರ ಹೇಳ್ಲಿಕ್ಕೆ ಉಂಟು. ಕಾಲೇಜ್ ಲ್ಯಾಬಾದ್ರೆ ಟೆಲಿಕಾಂ ಇಲಾಖೆಯಿಂದ ಎಕ್ಸ್‌ಪರಿಮೆಂಟಲ್ ಲೈಸೆನ್ಸಿಗೆ ಅರ್ಜಿ ಹಾಕ್ಬಹುದು. ಮನೆಯಲ್ಲಿ ಮಾಡುವವ್ರು ಆಂಟೆನಾ ಹಾಕ್ಲೇಬೇಡಿ, ಎರಡು ಎಸ್‌ಡಿಆರ್ ಇದ್ರೆ ಮಧ್ಯೆ ಸಾಕಷ್ಟು ಅಟೆನ್ಯುಯೇಟರ್ ಇಟ್ಟು ಕೋಆಕ್ಸ್ ಕೇಬಲಲ್ಲೇ ಸೀದಾ ಜೋಡಿಸಿ, ಅಟೆನ್ಯುಯೇಟರ್ ಇಲ್ಲದೆ ಜೋಡಿಸಿದ್ರೆ ರಿಸೀವರ್ ಸುಟ್ಟು ಹೋದೀತು. ಒಂದೂ ಇಲ್ಲದಿದ್ರೆ ಎಸ್‌ಆರ್‌ಎಸ್‌ರಾನಲ್ಲಿ ಝೀರೋಎಂಕ್ಯೂ ಮೋಡ್ ಉಂಟು, ಟವರ್ ಫೋನ್ ಎರಡೂ ಸಾಫ್ಟ್‌ವೇರಲ್ಲೇ ಸ್ಯಾಂಪಲ್ ಕೊಟ್ಟು ತೆಗೊಂಡು ಮಾಡ್ತವೆ, ಬೋರ್ಡಿಗೆ ದುಡ್ಡು ಹಾಕುವ ಮೊದ್ಲು ಅದನ್ನು ಮಾಡಿ ನೋಡಿ.